ಪದವಿ ವ್ಯಾಸಂಗದಲ್ಲಿ ಪರಿಸರ ವಿಷಯ: ಕಡ್ಡಾಯ ಪತ್ರಿಕೆ ಮತ್ತು ಮೈನರ್ ವಿಷಯ

ಪದವಿ ಕಾಲೇಜುಗಳಲ್ಲಿ ಪರಿಸರ ವಿಷಯವನ್ನು ಎರಡು ವಿಧಗಳಲ್ಲಿ ಬೋಧಿಸಲಾಗುತ್ತಿದೆ. ಒಂದು, ಎಲ್ಲ ವಿದ್ಯಾರ್ಥಿಗಳಿಗೂ ಅನ್ವಯಿಸುವ ಕಡ್ಡಾಯ ಪತ್ರಿಕೆ. ಮತ್ತೊಂದು, ವಿದ್ಯಾರ್ಥಿಯು ತಾನಾಗಿ ಆಯ್ದುಕೊಳ್ಳುವ ಮೈನರ್ ವಿಷಯ. ಕಡ್ಡಾಯ ಪತ್ರಿಕೆಯಲ್ಲಿ ತೇರ್ಗಡೆ ಹೊಂದಿದ ಮಾತ್ರಕ್ಕೆ ಪರಿಸರ ವಿಜ್ಞಾನವನ್ನು ಮೈನರ್ ಆಗಿ ವ್ಯಾಸಂಗ ಮಾಡಿದಂತೆ ಆಗುವುದಿಲ್ಲ.

ಕಡ್ಡಾಯ ಪತ್ರಿಕೆ:
ಶ್ರೀ ಎಂ.ಸಿ. ಮೆಹ್ತಾ ಅವರು ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇರೆಗೆ ಸರ್ವೋಚ್ಚ ನ್ಯಾಯಾಲಯವು 1991ರ ನವೆಂಬರ್ 22ರಂದು ಪರಿಸರ ಶಿಕ್ಷಣದ ಬಗ್ಗೆ ನಿರ್ದೇಶನ ನೀಡಿತು. ಇದಕ್ಕೆ ಅನುಗುಣವಾಗಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಎಲ್ಲ ಪದವಿ ತರಗತಿಗಳಿಗಾಗಿ 6 ತಿಂಗಳ ಪಠ್ಯಕ್ರಮವನ್ನು ರೂಪಿಸಿತು. ಸದರಿ ಪಠ್ಯಕ್ರಮವು 8 ಘಟಕಗಳು ಹಾಗೂ 50 ಉಪನ್ಯಾಸಗಳನ್ನು ಒಳಗೊಂಡಿದ್ದು, 100 ಅಂಕಗಳ ಪೈಕಿ 25 ಅಂಕಗಳನ್ನು ಕ್ಷೇತ್ರಕಾರ್ಯಕ್ಕೆ ನಿಗದಿಪಡಿಸಲಾಗಿತ್ತು. ಸಮೀಪದ ಕೆರೆ, ನದಿ, ಬೆಟ್ಟ ಅಥವಾ ಮಲಿನಗೊಂಡ ಸ್ಥಳವನ್ನು ಕಂಡು ದಾಖಲಿಸುವುದು ಕ್ಷೇತ್ರಕಾರ್ಯದ ಭಾಗವಾಗಿತ್ತು.

ಮೈನರ್ ವಿಷಯ:
ಆಯೋಗವು 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ, 3 ವರ್ಷಗಳ ಪದವಿಗೆ ಕನಿಷ್ಠ 120 ಕ್ರೆಡಿಟ್‌ಗಳು ಅಗತ್ಯ. ಇವುಗಳಲ್ಲಿ ಪ್ರಧಾನ ವಿಷಯಕ್ಕೆ 60 ಹಾಗೂ ಮೈನರ್ ವಿಭಾಗಕ್ಕೆ 24 ಕ್ರೆಡಿಟ್‌ಗಳಿವೆ. ಪರಿಸರ ಶಿಕ್ಷಣದ ಸಾಮಾನ್ಯ ಪತ್ರಿಕೆಯನ್ನು ಮೌಲ್ಯವರ್ಧಿತ ಕೋರ್ಸುಗಳಡಿ ಪ್ರತ್ಯೇಕವಾಗಿ ಸೇರಿಸಲಾಗಿದೆ.

ಕರ್ನಾಟಕದಲ್ಲಿ:
2021-22ನೇ ಸಾಲಿನಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪದ್ಧತಿ ಜಾರಿಯಲ್ಲಿತ್ತು. 2024ರಲ್ಲಿ ಹೊರಡಿಸಿದ ಸರ್ಕಾರಿ ಆದೇಶದಂತೆ, 2024-25ನೇ ಸಾಲಿನಿಂದ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳು 3 ವರ್ಷಗಳ ಪದವಿಗೆ ಮರಳಿದವು. ಆದುದರಿಂದ ಅಣ್ಣ ಅಥವಾ ಅಕ್ಕ ಓದಿದ ಕಾಲದ ವಿಷಯ ಸಂಯೋಜನೆಯು ತಮ್ಮನಿಗೆ ದೊರೆಯದಿರಬಹುದು. ವಿದ್ಯಾರ್ಥಿಯು ಪ್ರವೇಶ ಪಡೆದ ಸಾಲಿನ ನಿಯಮಾವಳಿಯನ್ನೇ ನೋಡತಕ್ಕದ್ದು.

ಪ್ರವೇಶಕ್ಕೆ ಮುನ್ನ ಖಚಿತಪಡಿಸಿಕೊಳ್ಳಬೇಕಾದ ಅಂಶಗಳು:
1. ಪರಿಸರ ವಿಜ್ಞಾನವು ಮೈನರ್ ಅಥವಾ ಐಚ್ಛಿಕ ವಿಷಯವಾಗಿ ಆ ಕಾಲೇಜಿನಲ್ಲಿ ಲಭ್ಯವಿದೆಯೇ.
2. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿರುವುದು ಅಗತ್ಯವೇ.
3. ಪ್ರಯೋಗಾಲಯ ಹಾಗೂ ಕ್ಷೇತ್ರಕಾರ್ಯಕ್ಕೆ ವ್ಯವಸ್ಥೆ ಇದೆಯೇ.
4. ಅಂಕಪಟ್ಟಿಯಲ್ಲಿ ವಿಷಯದ ಹೆಸರು ಹೇಗೆ ನಮೂದಾಗುತ್ತದೆ.

ಉನ್ನತ ವ್ಯಾಸಂಗ:
ಬೆಂಗಳೂರು, ಮೈಸೂರು ಹಾಗೂ ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನದ ಸ್ನಾತಕೋತ್ತರ ವಿಭಾಗಗಳಿವೆ. ವಿಜ್ಞಾನ ಪದವಿಯನ್ನೇ ಅರ್ಹತೆಯಾಗಿ ಕೇಳುವ ಎಂ.ಎಸ್ಸಿ. ಪ್ರವೇಶಕ್ಕೆ ಕಲಾ ಅಥವಾ ವಾಣಿಜ್ಯ ಪದವಿಯೊಂದಿಗಿನ ಮೈನರ್ ಸಾಕಾಗುವುದಿಲ್ಲ. ಈ ಸಂಗತಿ ಮೂರನೇ ವರ್ಷದ ಕೊನೆಯಲ್ಲಿ ತಿಳಿದುಬಂದರೆ ವಿಷಯ ಬದಲಾವಣೆಗೆ ಅವಕಾಶವಿರುವುದಿಲ್ಲ. ಆದಕಾರಣ ಸ್ನಾತಕೋತ್ತರ ಪ್ರವೇಶದ ಅಧಿಸೂಚನೆಯನ್ನು ಪದವಿಯ ವಿಷಯ ಆಯ್ಕೆಗೆ ಮೊದಲೇ ಓದಿಕೊಳ್ಳುವುದು ಸೂಕ್ತ.