ಉಮಿಯಲ್ಲಿ ಬೇರು, ನಾರಿನಲ್ಲಿ ನೀರು

ಮಳೆಗಾಲವೊಂದರಲ್ಲೇ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದು, ಸುಣ್ಣವೇ ಮೊದಲಾದ ಸಾರವನ್ನೆಲ್ಲ ತೊಳೆದೊಯ್ಯುವುದರಿಂದ ಆಮ್ಲೀಯವಾಗಿ ಉಳಿದ ಮುರಕಲ್ಲಿನ ಬೆಟ್ಟು ಒಂದೆಡೆ, ಬೇಸಗೆಯಲ್ಲಿ ಹೊಯ್ದ ನೀರು ಕ್ಷಣಮಾತ್ರವೂ ನಿಲ್ಲದ ಕಡಲಂಚಿನ ಮರಳು ಇನ್ನೊಂದೆಡೆ. ಇವೆರಡರ ನಡುವೆ ಸೌತೆ, ಬದನೆ, ಹರಿವೆ, ಅಲಸಂಡೆಗಳನ್ನು ಬೆಳೆಯಬೇಕಾದ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಒಕ್ಕಲಿಗನು ನೆಲವನ್ನು ಇದ್ದಂತೆ ಒಪ್ಪಿಕೊಳ್ಳದೆ ತನಗೆ ಬೇಕಾದಂತೆ ಮಾಡಿಕೊಳ್ಳುವ ವಿದ್ಯೆಯನ್ನು ಬಹುಕಾಲದ ಹಿಂದೆಯೇ ಕಲಿತನು. ತರಗೆಲೆ, ಕಸಕಡ್ಡಿ, ಉಮಿಗಳನ್ನು ಒಟ್ಟಿ, ಮೇಲೆ ಮಣ್ಣು ಮುಚ್ಚಿ, ಉರಿಯೇಳಗೊಡದೆ ಒಳಗೊಳಗೇ ಬೇಯಿಸಿ ತೆಗೆಯುವ ಸುಡುಮಣ್ಣು ಆ ವಿದ್ಯೆಯ ಫಲ. ಆ ಕಾವಿಗೆ ರೋಗಾಣುಗಳೂ ಕಳೆಯ ಬೀಜಗಳೂ ಸಾಯುತ್ತವೆ. ಬೂದಿಯಿಂದ ಪೊಟ್ಯಾಷ್ ಸೇರುತ್ತದೆ. ಕರಿಯ ಚೂರುಗಳಿಂದ ಮಣ್ಣು ಸಡಿಲವಾಗುತ್ತದೆ.

ಇಂಗ್ಲೆಂಡಿನ ಜಾನ್ ಇನ್ನಿಸ್ ತೋಟಗಾರಿಕಾ ಸಂಸ್ಥೆಯಲ್ಲಿ ಲಾರೆನ್ಸ್ ಮತ್ತು ನ್ಯೂವೆಲ್ ಎಂಬ ವಿಜ್ಞಾನಿಗಳು 1930ರ ದಶಕದಲ್ಲಿ ಕುಂಡದ ಮಣ್ಣನ್ನು ಬಿಸಿ ಹಬೆಯಿಂದ ಶುದ್ಧಗೊಳಿಸಿ, ಏಳು ಪಾಲು ಗೋಡುಮಣ್ಣಿಗೆ ಮೂರು ಪಾಲು ಪೀಟ್, ಎರಡು ಪಾಲು ಮರಳು ಎಂಬ ಪ್ರಮಾಣವನ್ನು ಗೊತ್ತುಮಾಡಿದಾಗ ಅವರ ಮುಂದಿದ್ದ ಸಮಸ್ಯೆಯೂ ಇದಕ್ಕಿಂತ ತೀರ ಭಿನ್ನವಾಗಿರಲಿಲ್ಲ. 1957ರ ಹೊತ್ತಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಮಣ್ಣನ್ನೇ ಕೈಬಿಟ್ಟು ಮರಳು ಮತ್ತು ಪೀಟ್‌ಗಳ ಮಿಶ್ರಣಕ್ಕೆ ಬಂದರು. ಆದರೆ ಪೀಟ್ ಎಂಬುದು ಶೀತದೇಶಗಳ ಜವುಗಿನಲ್ಲಿ ಸಹಸ್ರಾರು ವರ್ಷ ಪಾಚಿ ಕೂಡಿ ಕಪ್ಪಾದ ದ್ರವ್ಯ; ಅಗೆದಷ್ಟು ಬೇಗ ಅದು ಮತ್ತೆ ಹುಟ್ಟುವುದಿಲ್ಲ. ತೆಂಗಿನ ನಾರು ತೆಗೆದ ಮೇಲೆ ಉಳಿಯುವ ಪುಡಿಯು ಅದರ ಸ್ಥಾನವನ್ನು ತುಂಬಬಲ್ಲುದೆಂದು ಹ್ಯೂಮ್ ಎಂಬವರು 1949ರಲ್ಲಿಯೇ ಬರೆದಿದ್ದರೂ ಲೋಕವು ಆ ಮಾತಿಗೆ ಕಿವಿಗೊಡಲು ದಶಕಗಳೇ ಬೇಕಾದವು.

ವಿಳಂಬಕ್ಕೆ ಕಾರಣವಿಲ್ಲದೆ ಇಲ್ಲ. ಸಿಪ್ಪೆಯ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ನಾರು, ಮಿಕ್ಕದ್ದು ಪುಡಿ. ಇಂದು ಕೊಕೊಪೀಟ್ ಎಂಬ ಹೆಸರಿನಲ್ಲಿ ಇಟ್ಟಿಗೆಯಾಗಿ ಮಾರಾಟವಾಗುವ ಆ ಪುಡಿ ತನ್ನ ತೂಕದ ಐದಾರು ಪಟ್ಟಿಗೂ ಮಿಕ್ಕಿ ನೀರು ಹೀರಿಯೂ ಬೇರಿಗೆ ಗಾಳಿಯನ್ನು ಉಳಿಸುವುದೇನೋ ನಿಜ. ಆದರೆ ಹಿನ್ನೀರಿನ ಸವುಳಿನಲ್ಲಿ ಸಿಪ್ಪೆಯನ್ನು ಕೊಳೆಹಾಕುವ ಕಡಲತೀರದಲ್ಲಿ ಅದು ಉಪ್ಪನ್ನೂ ಕುಡಿದಿರುತ್ತದೆ. ಸಿಹಿನೀರಿನಲ್ಲಿ ತೊಳೆದರೆ ಬಿಡಿಯಾದ ಉಪ್ಪು ಹೋದೀತು; ಕಣಕಣಕ್ಕೆ ಅಂಟಿಕೊಂಡ ಸೋಡಿಯಂ, ಪೊಟ್ಯಾಸಿಯಂಗಳನ್ನು ಬಿಡಿಸಲು ಕ್ಯಾಲ್ಸಿಯಂ ನೈಟ್ರೇಟಿನ ದ್ರಾವಣದಲ್ಲಿ ನೆನೆಸಬೇಕು. ಇನ್ನೊಂದು ದೋಷ ಇದಕ್ಕಿಂತ ಗೂಢವಾದುದು. ಹಸಿ ಪುಡಿಯಲ್ಲಿ ಸಾರಜನಕದ ನೂರು ಪಟ್ಟಿಗೂ ಹೆಚ್ಚು ಇಂಗಾಲವಿರುವುದರಿಂದ, ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಗಿಡಕ್ಕೆ ಹಾಕಿದ ಗೊಬ್ಬರವನ್ನು ತಾವೇ ಉಂಡು, ಸಸಿಯನ್ನು ಹಳದಿಯಾಗಿಸುತ್ತವೆ. ಟನ್ನಿಗೆ 5 ಕಿಲೋ ಯೂರಿಯಾ ಸೇರಿಸಿ, ಪ್ಲೂರೋಟಸ್ ಎಂಬ ಅಣಬೆಯ ಬೀಜವನ್ನು ಪದರ ಪದರವಾಗಿ ಹರಡಿ, ತೇವ ಆರದಂತೆ ತಿಂಗಳು ಕಾಯ್ದರೆ ಆ ಅನುಪಾತ 24ರ ಸಮೀಪಕ್ಕಿಳಿಯುತ್ತದೆಂಬುದು ಈ ಕ್ಷೇತ್ರದ ದೊಡ್ಡ ಗಳಿಕೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಸೂಕ್ಷ್ಮಜೀವಿಗಳಿಂದ ಹುದುಗಿಸಿದ ‘ಅರ್ಕಾ’ ಕೊಕೊಪೀಟನ್ನು ರೂಪಿಸಿದ್ದೂ ಇದೇ ದಾರಿಯಲ್ಲಿ.

ಉಮಿಯ ವಿಷಯದಲ್ಲಿ ನಮ್ಮ ಸೀಮೆಗೊಂದು ವಿಶೇಷ ಅನುಕೂಲವಿದೆ. ಅದನ್ನು ಯಾರೂ ಸಾಕಷ್ಟು ಗಮನಿಸಿದಂತಿಲ್ಲ. ಭತ್ತದ ತೂಕದ ಸುಮಾರು ಐದನೆಯ ಒಂದು ಪಾಲು ಉಮಿ. ಸಿಲಿಕಾ ಹೆಚ್ಚಿರುವುದರಿಂದ ಅದು ಬೇಗನೆ ಕೊಳೆಯದೆ, ನೀರು ಹಿಡಿಯದೆ, ಮಿಶ್ರಣವನ್ನು ಸಡಿಲವಾಗಿಡುತ್ತದೆ. ಹಸಿ ಭತ್ತದ ಉಮಿಯನ್ನು ಗಿಡ ನೆಡುವ ಚೀಲಕ್ಕೆ ತುಂಬಿದರೆ ಕುಟ್ಟುವಾಗ ತಪ್ಪಿಸಿಕೊಂಡ ಕಾಳುಗಳೂ ಕಳೆಯ ಬೀಜಗಳೂ ಮೊಳೆತು ಬರುತ್ತವೆ. ಕುಚ್ಚಲಕ್ಕಿಯ ಮಿಲ್ಲಿನ ಉಮಿಗೆ ಆ ಭಯವಿಲ್ಲ. ಸಿಪ್ಪೆಸಮೇತ ಬೆಂದ ಭತ್ತದಲ್ಲಿ ಜೀವ ಉಳಿದಿರುವುದುಂಟೆ? ಅಮೆರಿಕದ ನರ್ಸರಿಗಳವರು ಮಿಶ್ರಣವನ್ನು ಸಡಿಲಗೊಳಿಸಲು ದುಬಾರಿಯಾದ ಪರ್ಲೈಟಿನ ಬದಲಿಗೆ ಬೇಯಿಸಿದ ಭತ್ತದ ಉಮಿಯನ್ನೇ ಬಳಸುತ್ತಿರುವರು. ಅದೇ ಉಮಿ ಇಲ್ಲಿ ಮಿಲ್ಲಿನ ಬಾಯ್ಲರಿನೊಳಗೆ ಹೋಗಿ ಬೂದಿಯಾಗುತ್ತದೆ. ಆ ಬೂದಿಯೂ ನಿರರ್ಥಕವಲ್ಲ. ಆದರೆ ಕ್ಷಾರೀಯವಾದುದರಿಂದ ಹಿತಮಿತವಾಗಿ ಸೇರಿಸಬೇಕು.

ಇಲ್ಲಿ ಒಂದು ಆಕ್ಷೇಪವನ್ನು ಹೇಳದೆ ವಿಧಿಯಿಲ್ಲ. ಕೃಷಿಶಾಸ್ತ್ರದ ಬರಹಗಳಲ್ಲಿ ತ್ಯಾಜ್ಯವೆಂದು ಕರೆಯಲ್ಪಡುವ ವಸ್ತುಗಳಿಗೆ ಹಳ್ಳಿಯಲ್ಲಿ ಮೊದಲೇ ವಾರಸುದಾರರಿದ್ದಾರೆ: ಉಮಿಗೆ ಬಾಯ್ಲರು, ತೆಂಗಿನ ಸಿಪ್ಪೆಗೆ ಬಚ್ಚಲೊಲೆ, ಬೈಹುಲ್ಲಿಗೆ ಹಟ್ಟಿಯ ದನ. ತಮ್ಮ ಸಿಪ್ಪೆಯನ್ನು ಹಂಡೆಯ ಕೆಳಗೆ ಉರಿಸಿ, ಬೇರೆ ಊರಿನಿಂದ ಬಂದ ಕೊಕೊಪೀಟಿನ ಇಟ್ಟಿಗೆಗೆ ಹಣ ತೆರುವುದು ವಿಚಿತ್ರವಾಗಿ ಕಂಡರೂ, ನಾರು ತೆಗೆಯುವ ಯಂತ್ರವೂ ತೊಳೆಯಲು ಸಿಹಿನೀರೂ ಹತ್ತಿರವಿಲ್ಲದ ಮನೆಗೆ ಅದು ಅವಿವೇಕವೆನ್ನಲಾಗದು. ವಾರಸುದಾರರು ಕಡಿಮೆಯಿರುವ ವಸ್ತುವೆಂದರೆ ಉದುರಿಬಿದ್ದ ತೆಂಗಿನ ಗರಿ. ಕುಂದಾಪುರವೂ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ, 1916ರಲ್ಲಿ, ಕಾಸರಗೋಡಿನಲ್ಲಿ ಆರಂಭವಾದ ತೆಂಗು ಸಂಶೋಧನಾ ಕೇಂದ್ರವು ಮುಂದೆ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆಯಾಗಿ ಬೆಳೆದು, ಗರಿಗಳ ತೂಕದ ಹತ್ತನೆಯ ಒಂದು ಪಾಲು ಸಗಣಿ ಸೇರಿಸಿ ಯೂಡ್ರಿಲಸ್ ಜಾತಿಯ ಎರೆಹುಳದಿಂದ ಗೊಬ್ಬರ ಮಾಡುವ ಕ್ರಮವನ್ನು ತೋರಿಸಿಕೊಟ್ಟಿತು. ಆ ಗೊಬ್ಬರ, ತೊಳೆದ ನಾರಿನ ಪುಡಿ, ಕುಚ್ಚಲಕ್ಕಿಯ ಉಮಿ ಇವು ಮೂರೂ ಒಂದರ ಕೊರತೆಯನ್ನು ಇನ್ನೊಂದು ತುಂಬುವಂಥವು.

ಬದನೆ, ಟೊಮೆಟೊ, ಮೆಣಸುಗಳನ್ನು ರಾತ್ರಿ ಬೆಳಗಾಗುವುದರೊಳಗೆ ಹಸಿರಿರುವಾಗಲೇ ಬಾಡಿಸುವ ಸೊರಗು ರೋಗದ ಬ್ಯಾಕ್ಟೀರಿಯಾ ಕರಾವಳಿಯ ಆಮ್ಲಭೂಮಿಯಲ್ಲಿ ವರ್ಷಾನುವರ್ಷ ಉಳಿಯುವುದರಿಂದ, ಈ ಮಿಶ್ರಣ ತುಂಬಿದ ಮಣ್ಣಿಲ್ಲದ ಚೀಲಗಳು ಇಲ್ಲಿ ಅಲಂಕಾರವಲ್ಲ, ಆವಶ್ಯಕತೆ. ಆದರೆ ಚೀಲವನ್ನು ನೇರ ನೆಲದ ಮೇಲಿಟ್ಟರೆ ಆಷಾಢದ ಮಳೆಯಲ್ಲಿ ಅಂಗಳದಲ್ಲಿ ಹರಿಯುವ ನೀರಿನೊಡನೆ ಅದೇ ರೋಗ ತಳದ ರಂಧ್ರದ ಮೂಲಕ ಒಳಸೇರುತ್ತದೆ. ಕಲ್ಲಿನ ಮೇಲೋ ಹಲಗೆಯ ಮೇಲೋ ಎತ್ತಿ ಇಡಬೇಕು.