ಬೂದಿಯ ಲೆಕ್ಕ

ಚಳ್ಳಕೆರೆಯಲ್ಲಿ ಬಸ್ಸು ಹತ್ತಿ, ಮೊಳಕಾಲ್ಮೂರು ತಾಲ್ಲೂಕನ್ನು ಹಾದು ಬಳ್ಳಾರಿಗೆ ಹೋಗುವ ಪ್ರಸಂಗ ನನಗೆ ವರ್ಷಕ್ಕೆರಡು ಬಾರಿಯಾದರೂ ಒದಗುತ್ತದೆ. ಕಿಟಕಿಯ ಪಕ್ಕ ಸ್ಥಳ ದೊರೆತರೆ ಕೈಯಲ್ಲಿನ ಪುಸ್ತಕವನ್ನು ಮುಚ್ಚಿಬಿಡುತ್ತೇನೆ. ಬೋಳು ಗುಡ್ಡ, ಕಡಲೆಕಾಯಿ ಹೊಲ, ಕುರಿಮಂದೆ. ನೋಡುವುದಕ್ಕೇನಿದೆ ಎನ್ನುವವರೂ ಉಂಟು. ಆದರೆ ಈ ಸೀಮೆಯ ಬ್ರಹ್ಮಗಿರಿಯಲ್ಲಿಯೇ 1892ರಲ್ಲಿ ರೈಸ್ ಸಾಹೇಬರಿಗೆ ಅಶೋಕನ ಶಾಸನ ದೊರೆತದ್ದು. 1947ರಲ್ಲಿ ವೀಲರ್ ಅಲ್ಲಿ ಅಗೆಸಿ, ಕೆಳಗೆ ಕಲ್ಲುಕೊಡಲಿಯ ಜನ, ಅವರ ಮೇಲೆ ಕಬ್ಬಿಣ ಬಲ್ಲ ಜನ, ಅದರ ಮೇಲೆ ಚಾರಿತ್ರಿಕ ಕಾಲದ ಊರು ಎಂದು ಪದರ ಪದರವಾಗಿ ತೋರಿಸಿದರು. ಶಾಸನಪಾಠ ಹೇಳುವ ನಾನು ಬಹುಕಾಲ ಅರಸರ ಹೆಸರುಗಳನ್ನೇ ಎಣಿಸುತ್ತ ಬಂದೆ. ಆ ಜನ ಒಲೆಗೆ ಏನು ಹಾಕಿದರು ಎಂಬ ಪ್ರಶ್ನೆ ಹೊಳೆದದ್ದು ಬಳ್ಳಾರಿಯಾಚೆಯ ಕುಡತಿನಿಯಲ್ಲಿ.

ಕುಡತಿನಿಯ ಬಳಿ ಒಂದು ಬೂದಿದಿಬ್ಬವಿದೆ. ಯಾವನೋ ರಾಕ್ಷಸನನ್ನು ಸುಟ್ಟ ಬೂದಿಯೆಂದು ಜನ ನಂಬಿದ್ದರು. ಅದು ದನಗಳ ಸಗಣಿಯ ಬೂದಿಯೆಂದೂ, ಇಂಥ ದಿಬ್ಬಗಳು ನವಶಿಲಾಯುಗದ ಗೋಪಾಲಕರ ದೊಡ್ಡಿಗಳೆಂದೂ ವಿದ್ವಾಂಸರು ತೋರಿಸಿಕೊಟ್ಟರು. ಆಲ್ಚಿನ್ನರು 1963ರಲ್ಲಿ ಇದನ್ನು ಕುರಿತು ಒಂದು ಗ್ರಂಥವನ್ನೇ ಬರೆದರು. ಅದೇ ಕುಡತಿನಿಯಲ್ಲಿ ಈಗ 1,700 ಮೆಗಾವಾಟ್ ಶಕ್ತಿಯ ಬಳ್ಳಾರಿ ಉಷ್ಣವಿದ್ಯುತ್ ಕೇಂದ್ರವಿದೆ. ಅಲ್ಲಿಯೂ ಬೂದಿ, ಇದು ಕಲ್ಲಿದ್ದಲಿನದು.

ಎರಡೂ ಬೂದಿಯೇ ಅಲ್ಲವೆ ಎಂದು ಓದುಗರು ಕೇಳಬಹುದು. ಅಲ್ಲ. ಹುಲ್ಲು ಗಾಳಿಯಿಂದ ಇಂಗಾಲವನ್ನು ಹೀರಿತು, ದನ ಹುಲ್ಲನ್ನು ಮೇಯಿತು, ಸಗಣಿ ಉರಿಯಿತು. ಹೊಗೆಯಾಗಿ ಹೋದದ್ದನ್ನು ಮರುವರ್ಷದ ಹುಲ್ಲು ಮತ್ತೆ ಹೀರಿಕೊಂಡಿತು. ಕಲ್ಲಿದ್ದಲಿನ ಇಂಗಾಲವಾದರೋ ಕೋಟ್ಯಂತರ ವರ್ಷ ನೆಲದೊಳಗೆ ಹುದುಗಿದ್ದುದು. ಅದನ್ನು ಹೀರುವ ಹೆಚ್ಚಿನ ಹುಲ್ಲು ಮೇಲೆ ಬೆಳೆದಿಲ್ಲ. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ತು ತೆಗೆದರೆ ಸುಮಾರು ಒಂದು ಕಿಲೋ ಇಂಗಾಲದ ಡೈ ಆಕ್ಸೈಡು ಗಾಳಿಗೆ ಸೇರುತ್ತದೆ. ತಿಂಗಳ ಬಿಲ್ಲಿನಲ್ಲಿ ನೂರು ಯೂನಿಟ್ ಎಂದು ಬಂದರೆ ಅದು ಒಂದು ಕ್ವಿಂಟಾಲ್! 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಕೀಲಿಂಗ್ ಎಂಬ ವಿಜ್ಞಾನಿ ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ ಸುಮಾರು 315 ಭಾಗವಿತ್ತು. ಈಗ 420ನ್ನು ಮೀರಿದೆ.

ಊರು ಬೆಳೆದರೆ ಹೊಗೆಯೂ ಬೆಳೆಯಲೇಬೇಕೆ? ನಮ್ಮ ನಾಡಿನ ಚರಿತ್ರೆ ಹಾಗೆನ್ನುವುದಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ ಹರಿಯಿತು. ಮುಂದೆ ಜೋಗ, ಶರಾವತಿ. 1985ರಲ್ಲಿ ರಾಯಚೂರಿನ ಕೇಂದ್ರ ಕೆಲಸ ಆರಂಭಿಸುವವರೆಗೆ ನಮ್ಮ ನಾಡು ಉತ್ಪಾದಿಸಿದ ವಿದ್ಯುತ್ತು ಬಹುಮಟ್ಟಿಗೆ ನೀರಿನದೇ. ಬೆಂಗಳೂರು ಬೆಳೆಯಿತು, ಕಾರ್ಖಾನೆಗಳು ಎದ್ದವು, ಮಳೆ ಕೈಕೊಟ್ಟ ವರ್ಷ ದೀಪ ಆರಿತು. ಆಗ ಕಲ್ಲಿದ್ದಲಿಗೆ ಕೈಚಾಚಿದೆವು. ಹಾಗೆಂದು ನೀರಿನ ವಿದ್ಯುತ್ತು ಪುಕ್ಕಟೆಯಾಗಿ ಬಂದುದಲ್ಲ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದ ಮನೆಗಳನ್ನು ನಮ್ಮ ದೀಪದ ಲೆಕ್ಕಕ್ಕೆ ಯಾರು ಬರೆದುಕೊಂಡರು?

ಚಳ್ಳಕೆರೆಯ ವಿಷಯಕ್ಕೆ ಬರೋಣ. ‘ಎಣ್ಣೆ ನಗರ’ವೆಂದು ಹೆಸರು ಪಡೆದ ಊರು. ಮೊದಲು ಗಾಣವನ್ನು ಎತ್ತು ಎಳೆಯಿತು, ಆಮೇಲೆ ಎಂಜಿನ್ನು, ಆಮೇಲೆ ಮೋಟಾರು. ಇದನ್ನು ತಪ್ಪೆನ್ನಲು ನನಗೆ ಬಾಯಿ ಬಾರದು. ಭಾರತೀಯನೊಬ್ಬನ ಪಾಲಿನ ಹೊಗೆ ಇಂದಿಗೂ ವರ್ಷಕ್ಕೆ ಸುಮಾರು ಎರಡು ಟನ್ನು; ಅಮೆರಿಕದವನದು ಅದರ ಆರೇಳು ಪಾಲು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವನು ಮಗ್ಗದ ಗುಂಡಿಯ ಮೇಲೆ ಒಂದು ದೀಪ ಹೆಚ್ಚಾಗಿ ಹಾಕಿಕೊಂಡರೆ ಲೋಕ ಮುಳುಗುವುದಿಲ್ಲ.

ಎತ್ತಿನ ಮಾತು ಬಂದದ್ದರಿಂದ ಹೇಳುತ್ತೇನೆ. ಚಳ್ಳಕೆರೆಯ ಕಾವಲುಗಳು ಒಂದು ಕಾಲಕ್ಕೆ ರಾಜ್ಯದ ಇಂಧನದ ಉಗ್ರಾಣವಾಗಿದ್ದವು. ಚಿಕ್ಕದೇವರಾಜರ ಬೆಣ್ಣೆ ಚಾವಡಿ ಟೀಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಈ ತಳಿಯ ಎತ್ತುಗಳೇ ದಂಡಿನ ಫಿರಂಗಿಗಳನ್ನು ಎಳೆದುವು. ಹುಲ್ಲೇ ಅಂದಿನ ಪೆಟ್ರೋಲು. 2008ರಿಂದೀಚಿನ ಕೆಲವೇ ವರ್ಷಗಳಲ್ಲಿ ಆ ಕಾವಲುಗಳ ಸುಮಾರು 10,000 ಎಕರೆ ವಿಜ್ಞಾನ ಸಂಸ್ಥೆಗಳಿಗೆ, ರಕ್ಷಣಾ ಸಂಶೋಧನೆಗೆ, ಬಾಹ್ಯಾಕಾಶ ಮತ್ತು ಅಣುಶಕ್ತಿ ಇಲಾಖೆಗಳಿಗೆ ಹೋಯಿತು. ಸೌರವಿದ್ಯುತ್ತಿಗೆಂದು ಒಂದು ಖಾಸಗಿ ಕಂಪನಿಗೂ 1,250 ಎಕರೆ. ಸೂರ್ಯನ ವಿದ್ಯುತ್ತಿಗೆ ಹೊಗೆಯಿಲ್ಲ, ನಿಜ. ನೆರೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಉತ್ಪಾದಿಸುತ್ತಿದ್ದಾರೆ; ನನಗೂ ಅದು ಸಂತೋಷವೇ. ಅಲ್ಲಿ ರೈತರಿಗೆ ಎಕರೆಗಿಷ್ಟು ಎಂದು ಗುತ್ತಿಗೆಯ ಹಣವಾದರೂ ಬರುತ್ತದೆ. ಕಾವಲಿನಲ್ಲಿ ಮೇಯಿಸುವವನ ಹೆಸರಿನಲ್ಲಿ ಪಹಣಿಯಿಲ್ಲ. ಹುಲ್ಲುಗಾವಲಿನ ಇಂಗಾಲವೂ ಹಾಗೆಯೇ: ಮರದಂತೆ ಮೇಲೆ ಕಾಣುವುದಿಲ್ಲ, ಬಹುಪಾಲು ಬೇರಿನಲ್ಲಿ, ಮಣ್ಣಿನಲ್ಲಿ ಅಡಗಿರುತ್ತದೆ. ನೆಲವನ್ನು ಅಗೆದಾಗ ಅದು ಹೊರಬೀಳುತ್ತದೆ. ಕಾಗದದ ಮೇಲೆ ಮಾತ್ರ ಅದು ಬರಡು ಭೂಮಿ.

ಕಳೆದ ಸಲ ಕುದಾಪುರದ ಕಡೆ ಹೋಗಿದ್ದಾಗ ಉದ್ದನೆಯ ಆವರಣದ ಗೋಡೆಯ ಪಕ್ಕ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಮುದುಕನೊಬ್ಬನನ್ನು ಮಾತಿಗೆಳೆದೆ. ಮೊದಲು ಮೇಯಿಸಲು ಎಲ್ಲಿಗೆ ಹೋಗುತ್ತಿದ್ದೆ ಎಂದು ಕೇಳಿದ್ದಕ್ಕೆ, ಕೋಲಿನಿಂದ ಗೋಡೆಯನ್ನು ಎರಡು ಬಾರಿ ತಟ್ಟಿದ. ಅಷ್ಟರಲ್ಲಿ ಕುರಿಗಳು ಮುಂದೆ ಹೋಗಿದ್ದವು, ಅವನೂ ಹೊರಟ.