ರೈಫಲ್ ತೋಟಾಗಳ ಹೆಸರು

ರೈಫಲ್ ತೋಟಾಗಳಿಗೆ ಹೆಸರಿಡಲು ಜಗತ್ತಿಗೆಲ್ಲ ಅನ್ವಯಿಸುವ ಒಂದೇ ನಿಯಮವಿಲ್ಲ. ಹೆಸರಿನಲ್ಲಿರುವ ಅಂಕಿ ಒಮ್ಮೆ ನಳಿಗೆಯ ಅಳತೆ, ಒಮ್ಮೆ ಇಸವಿ, ಮತ್ತೊಮ್ಮೆ ಮದ್ದಿನ ತೂಕ.

ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ಇದ್ದ ‘ತ್ರೀ ನಾಟ್ ತ್ರೀ’ಯಲ್ಲಿ .303 ಇಂಚು ಎಂಬುದು ನಳಿಗೆಯ ಒಳವ್ಯಾಸ. ಗುಂಡಿನ ವ್ಯಾಸ ಸುಮಾರು .311 ಇಂಚು. ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೆರೆಗಳನ್ನು ಕಚ್ಚಿ ತಿರುಗಬೇಕಾದ್ದರಿಂದ ಗುಂಡು ತುಸು ದಪ್ಪ. ಪುಣೆಯ ಖಡ್ಕಿಯಲ್ಲಿ 1869ರಿಂದ ಮದ್ದುಗುಂಡಿನ ಕಾರ್ಖಾನೆಯಿದೆ. ಅಲ್ಲಿ ತಯಾರಾದ ಹಳೆಯ .303 ತೋಟಾದ ಹಿತ್ತಾಳೆ ಬುಡದಲ್ಲಿ ‘ಕೆಎಫ್’ ಎಂಬ ಗುರುತು, ಇಸವಿ, ಮಾರ್ಕ್ ಸಂಖ್ಯೆಗಳ ಮುದ್ರೆ ಕಾಣುತ್ತದೆ.

ಯೂರೋಪಿನ ಪದ್ಧತಿ ಹೆಚ್ಚು ಸ್ಪಷ್ಟ. 7.62×51 ಎಂದರೆ ನಳಿಗೆ 7.62 ಮಿ.ಮೀ., ಹಿತ್ತಾಳೆ ಕೋಶದ ಉದ್ದ 51 ಮಿ.ಮೀ. ನಮ್ಮ ಸೇನೆಯ ಹಳೆಯ ಎಸ್‌ಎಲ್‌ಆರ್‌ಗೆ ಇದೇ ತೋಟಾ. ಎಕೆ ರೈಫಲಿಗೆ 7.62×39. ಮೊದಲ ಅಂಕಿ ಒಂದೇ ಆದರೂ ಒಂದರ ತೋಟಾ ಇನ್ನೊಂದಕ್ಕೆ ಆಗುವುದಿಲ್ಲ. ಅಮೆರಿಕದ .30-06ರಲ್ಲಿ ಕೊನೆಯ ಅಂಕಿ 1906ನೇ ಇಸವಿ, .30-30ರಲ್ಲಿ 30 ಗ್ರೇನ್ ಮದ್ದು. ತೇಜಸ್ವಿಯವರ ಮೂಲಕ ಕನ್ನಡಿಗರಿಗೆ ಹತ್ತಿರವಾದ ಬೆಂಗಳೂರಿನ ಕೆನೆತ್ ಆಂಡರ್ಸನ್ ಹಿಡಿಯುತ್ತಿದ್ದ .405 ವಿಂಚೆಸ್ಟರ್‌ನಲ್ಲಿ ಕಂಪನಿಯ ಹೆಸರೇ ಸೇರಿದೆ. ಜಿಮ್ ಕಾರ್ಬೆಟ್‌ರ .275 ರಿಗ್ಬಿಯಂತೂ ಜರ್ಮನಿಯ 7×57 ಮೌಸರ್ ತೋಟಾಕ್ಕೆ ಇಂಗ್ಲಿಷ್ ಬಂದೂಕು ಕಂಪನಿಯೊಂದು ಇಂಚಿನ ಲೆಕ್ಕದಲ್ಲಿ ಕೊಟ್ಟ ಹೆಸರು.

ಭಾರತದ ಮಟ್ಟಿಗೆ ಹೆಸರುಗಳ ಮೇಲೆ ಅತಿ ಹೆಚ್ಚು ಪ್ರಭಾವ ಬೀರಿದ್ದು ಕಾನೂನು ಎನ್ನಬೇಕು. ಸೇನೆಯ .450 ಮಾರ್ಟಿನಿ-ಹೆನ್ರಿ ರೈಫಲ್‌ಗಳಿಗೆ ಬಂಡುಕೋರರ ಕೈಗೆ ತೋಟಾ ಸಿಗಬಾರದೆಂದು ಬ್ರಿಟಿಷ್ ಸರಕಾರ 20ನೇ ಶತಮಾನದ ಆರಂಭದಲ್ಲಿ ಆ ಬೋರನ್ನೇ ನಿಷೇಧಿಸಿತು. ಆನೆ, ಕಾಟಿಗಳ ಬೇಟೆಗಾರರನ್ನು ಕಳೆದುಕೊಳ್ಳಲೊಲ್ಲದ ಲಂಡನ್ನಿನ ಕಂಪನಿಗಳು ಕೂಡಲೇ .470, .500/465ರಂಥ ಹೊಸ ತೋಟಾಗಳನ್ನು ಹೊರತಂದವು. ಓರೆಗೆರೆ ಇರುವ ಹೆಸರಿನಲ್ಲಿ ಮೊದಲನೆಯದು ಮೂಲ ಕೋಶದ್ದು, ಎರಡನೆಯದು ಅದರ ಕತ್ತು ಕಿರಿದು ಮಾಡಿ ಕೂರಿಸಿದ ಗುಂಡಿನದು. ಸೇನೆಯ .303 ಖಾಸಗಿಯವರಿಗೆ ನಿಷಿದ್ಧವಾದ್ದರಿಂದ ಆಸ್ಟ್ರಿಯಾದ 8×50 ಮಾನ್ಲಿಕರ್ ತೋಟಾದಿಂದ ರೂಪುಗೊಂಡ .315 ಇಲ್ಲಿ ಬಳಕೆಗೆ ಬಂತು. 8 ಮಿ.ಮೀ.ಯನ್ನು ಇಂಚಿಗೆ ತಿರುಗಿಸಿದರೆ .315. ಸರಕಾರಿ ಕಾರ್ಖಾನೆಗಳು ಪರವಾನಗಿದಾರರಿಗಾಗಿ ತಯಾರಿಸುವ ರೈಫಲ್‌ಗಳಲ್ಲಿ ಈ ಬೋರಿನದೂ ಇದೆ.